ಮೂರು ಗೆರೆಯ ಹಿಂದಿನ ಗಂಡ

ಆಕಾಶ ನೋಡಬೇಕಾದರೆ ನಾನು ತಲೆ ತಗ್ಗಿಸಬೇಕಾಗಿತ್ತು. ನಗಬೇಡಿ. ನಿಮಗೆಲ್ಲ ಮೇಲಿರುವ ಆಕಾಶ ನನಗೆ ಎಲ್ಲಕ್ಕಿಂತ ಕೆಳಗಿತ್ತು. ರಸ್ತೆ, ರಸ್ತೆಯ ಮೇಲಿನ ಆಟೋ, ಎದುರಿನ ಹೂವಿನಂಗಡಿ, ಅದರ ಪಕ್ಕದ ಬೇವಿನ ಮರ, ಎಲ್ಲ ಒಂದರ ಕೆಳಗೊಂದು ಬಂದು ಹೋದ ಮೇಲೆ ಅದರ ಸರದಿ. ಗದ್ದವನ್ನು ಮೆಲ್ಲಗೆ ಎದೆಯ ಕಡೆಗೆ ಇಳಿಸುತ್ತ ಹೋದರೆ ಊರು ಮೇಲಕ್ಕೆ ಸರಿಯುತ್ತಿತ್ತು, ಕೊನೆಗೆ ನನ್ನ ಕಾಲಬುಡದಲ್ಲಿ ನೀಲಿ ಬರುತ್ತಿತ್ತು. ಹುಣ್ಣಿಮೆಯ ಸಂಜೆ ಚಂದ್ರನನ್ನು ನೋಡಲು ನಾನು ಬಾಗಿ ನಿಂತರೆ, ಬೀದಿಯವರು "ಹಾಲಮ್ಮಗೆ ಇದ್ದಕ್ಕಿದ್ದಂಗೆ ಎಷ್ಟು ಭಕ್ತಿ ಬಂತಪ್ಪಾ" ಅಂದುಕೊಳ್ಳುತ್ತಿದ್ದರು.

ದಾವಣಗೆರೆಯಲ್ಲಿ ನಮ್ಮದೊಂದು ದೋಸೆ ಹೋಟೆಲ್. ಬೋರ್ಡಿನ ಮೇಲೆ ನನ್ನ ಹೆಸರಿದೆ, ದೋಸೆ ಹುಯ್ಯುವವರು ನಮ್ಮ ಮನೆಯವರು. ಊರೆಲ್ಲ ಗೋಡೆಗೋಡೆಗೂ ಪರದೆ ಅಂಟಿಸಿಕೊಂಡು, ಬಸ್ಸಿನ ಕಿಟಕಿಯಲ್ಲೂ ಕೈಯ ಬಳೆಯಲ್ಲೂ ಸುದ್ದಿ ಓದುವ ಕಾಲ ಬಂದರೂ ನಮ್ಮಲ್ಲಿ ಸೌದೆ ಒಲೆ, ಕಬ್ಬಿಣದ ಹಂಚು, ಹಂಚು ಗುಡಿಸಲು ತೆಂಗಿನ ಕಡ್ಡಿಯ ಪೊರಕೆ. ಅವರು ಹುಯ್ಯುತ್ತಾರೆ, ಮಗುಚುತ್ತಾರೆ. ಒಲೆಯ ಬಾಯಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಹಂಚಿನ ಮೇಲಿರುವಾಗಲೇ ಬೆಣ್ಣೆ ಹಾಕಿ ತಟ್ಟೆಗೆ ದಾಟಿಸುವುದು ನಾನು. ಅದೇನು ಮಹಾ ಕೆಲಸ ಅನ್ನಬೇಡಿ. ಬೆಣ್ಣೆ ಬೀಳುವ ಹೊತ್ತು ಒಂದು ಉಸಿರಿನಷ್ಟು ತಪ್ಪಿದರೂ ಅದು ದೋಸೆಯಾಗುವುದಿಲ್ಲ, ಎಣ್ಣೆ ಕುಡಿದ ರೊಟ್ಟಿಯಾಗುತ್ತದೆ. ಮಾತಿನ ವ್ಯಾಪಾರವೂ ನನ್ನದೇ. ನಮ್ಮವರು ಬಾಯಿ ಬಿಡುವುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ ಅಂತ ಗಿರಾಕಿಗಳು ತಮಾಷೆ ಮಾಡುತ್ತಾರೆ.

ಕಣ್ಣಿನ ಕಾಯಿಲೆ ಬಂದದ್ದು ಅಂಚಿನಿಂದ. ಉರಿ ಹೆಚ್ಚಾದರೆ ದೋಸೆ ಅಂಚಿನಿಂದ ಕರಿಕಾಗುತ್ತ ಬರುತ್ತದಲ್ಲ, ಹಾಗೆ. ಮೊದಲು ಬಾಗಿಲ ಚೌಕಟ್ಟುಗಳು ಭುಜಕ್ಕೆ ಬಡಿದವು. ಆಮೇಲೆ ಪಕ್ಕದಲ್ಲಿ ಬಂದು ನಿಂತವರು ಮಾತಾಡಿದಾಗ ಬೆಚ್ಚಿಬೀಳತೊಡಗಿದೆ. ಒಂದು ದಿನ ಒಲೆಯ ಬಾಯಿ ಕಾಣದೆ ಮಣಿಕಟ್ಟು ಸುಟ್ಟುಕೊಂಡೆ. ಅವತ್ತು ನಮ್ಮವರು ಹಂಚಿನ ಮೇಲಿದ್ದ ದೋಸೆಗಳನ್ನೆಲ್ಲ ಸೀಯಲು ಬಿಟ್ಟು ನನ್ನ ಕೈಯನ್ನು ನಲ್ಲಿಯ ನೀರಿನ ಕೆಳಗೆ ಹಿಡಿದುಕೊಂಡು ನಿಂತೇ ಇದ್ದರು. ಮರುದಿನ ಹೋಟೆಲ್ ಮುಚ್ಚಿ, ಹರಿಹರದ ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ಕಣ್ಣಿನ ಸಂಶೋಧನಾ ಕೇಂದ್ರಕ್ಕೆ ನನ್ನನ್ನು ಕರೆದುಕೊಂಡು ಹೋದರು.

ಅಲ್ಲಿ ನಮಗೆ ಸಿಕ್ಕಿದವಳು ತಸ್ನೀಮ್. ಡಾಕ್ಟರಲ್ಲ. ಮೊದಲು ಕಂಪನಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುತ್ತಿದ್ದವಳಂತೆ. ಕಣ್ಣಾಸ್ಪತ್ರೆಯಲ್ಲಿ ವೆಬ್‌ಸೈಟ್ ಕಟ್ಟುವವಳಿಗೇನು ಕೆಲಸ ಅಂತ ನಾನು ಮುಖದ ಮೇಲೇ ಕೇಳಿದೆ.

"ಕೆಲಸ ಅದೇ ಅಮ್ಮಾ," ಅಂದಳು. "ನಿಮ್ಮ ಹೋಟ್ಲಿಂದು ಒಂದು ಪೇಜ್ ಐತಿ ಅನ್ಕೊಳ್ರಿ. ಗೋಡೆಯಷ್ಟು ದೊಡ್ಡ ಪರದೆ ಮ್ಯಾಲೆ ದೋಸೆ ಫೋಟೊ, ದರ, ದಾರಿ ತೋರ್ಸೋ ನಕ್ಷೆ ಎಲ್ಲ ಅಕ್ಕಪಕ್ಕ ಕೂರ್ತಾವೆ. ಅದೇ ಪೇಜು ಫೋನಿಗೆ ಬಂದ್ರೆ ಅಕ್ಕಪಕ್ಕ ಜಾಗ ಇಲ್ಲ, ಒಂದರ ಕೆಳಗೆ ಒಂದು ಇಳೀತಾವೆ. ದಿನಾ ಇರೋ ಸಾಮಾನೆಲ್ಲ ಮೂಲೇಲಿ ಮೂರು ಗೆರೆ ಹಿಂದೆ ಮಡಚ್ಕೊಂಡು ಕೂರ್ತಾವೆ. ಬೇಕಂದ್ರೆ ಮುಟ್ಟಿ ತೆಗೀಬೇಕು. ಇನ್ನು ಬಳೆ ಪರದೆಗೆ ಬಂದ್ರೆ ಏನು ಉಳೀತೈತಿ ಹೇಳ್ರಿ?"

"ದೋಸೆ ಐತಿ, ಇಲ್ಲಾ ಮುಗೀತು. ಅಷ್ಟೇ," ಅಂದೆ.

"ಹ್ಞಾ! ಅಷ್ಟೇ. ನಿಮ್ಮ ಕಣ್ಣು ಈಗ ಗೋಡೆಯಿಂದ ಫೋನಾಗ್ತಾ ಐತಿ. ಲೋಕಾನ ಅದಕ್ಕೆ ತಕ್ಕಂಗೆ ನಾವು ಜೋಡ್ಸಿ ಕೊಡ್ತೀವಿ."

ಅವರು ಮಾಡಿದ್ದಿಷ್ಟು. ಕನ್ನಡಕದಲ್ಲಿ ಒಂದು ಕ್ಯಾಮೆರಾ, ಅದಕ್ಕೆ ಊರಗಲದ ನೋಟ. ಕಣ್ಣಿನ ಒಳಪರದೆಯಲ್ಲಿ ಇನ್ನೂ ಜೀವವಿದ್ದ ಜಾಗದ ಮೇಲೆ ಈರುಳ್ಳಿ ಸಿಪ್ಪೆಯಂಥ ಒಂದು ಪೊರೆ. ಕ್ಯಾಮೆರಾ ಕಂಡದ್ದನ್ನೆಲ್ಲ ಪೊರೆ ಆ ಚಿಕ್ಕ ಜಾಗದಲ್ಲಿ ಹೊಸದಾಗಿ ಜೋಡಿಸುತ್ತದೆ. ಜೀವವಿರುವ ಜಾಗ ಕುಗ್ಗಿದ ಹಾಗೆಲ್ಲ ಜೋಡಣೆ ಬದಲಾಗುತ್ತದೆ. ಹಾಗೆ ಬದಲಾಗುವ ಅಳತೆಗೆ ತಸ್ನೀಮ್ 'ತಿರುವು' ಅನ್ನುತ್ತಿದ್ದಳು. ಪ್ರತಿ ತಿರುವಿಗೆ ಮುಂಚೆ ಕೇಂದ್ರಕ್ಕೆ ಹೋಗಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ನಾನೇ ಹೇಳಬೇಕು. ಮೊದಲ ದಿನ ಹೋಟೆಲಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಹೆಸರು ಹೇಳಿಸಿಕೊಂಡರು. ಒಲೆ ಅಂದೆ, ಹಂಚು ಅಂದೆ, ಬೆಣ್ಣೆ ಡಬ್ಬಿ ಅಂದೆ, ದಿನಾ ಬರುವ ಗಿರಾಕಿಗಳ ಹೆಸರನ್ನೂ ಅವರ ಅಡ್ಡಹೆಸರನ್ನೂ ಹೇಳಿದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಏನು ಚೆಂದ ಅಂತೀರಿ! ಕಣ್ಣು ಹೋಗುತ್ತಿರುವ ಹೆಂಗಸಿಗೆ ಅಷ್ಟು ಸಂತೋಷ ಸಿಗಬಾರದಾಗಿತ್ತು. ಅಗಲವಾಗಿದ್ದ ಲೋಕ ಉದ್ದವಾಯಿತು, ಫೋನಿನ ಪೇಜನ್ನು ಬೆರಳಿನಿಂದ ಸರಿಸುವ ಹಾಗೆ ನಾನು ತಲೆ ತಗ್ಗಿಸಿ ಅದನ್ನು ಸರಿಸುತ್ತಿದ್ದೆ. ನನ್ನ ತಂಗಿಯ ಮಗಳ ಮದುವೆಗೆ ಹೋದರೆ ಹಸೆಮಣೆಯ ಮೇಲೆ ಅಕ್ಕಪಕ್ಕ ಕೂತಿದ್ದ ಮದುಮಕ್ಕಳು ನನಗೆ ಒಬ್ಬರ ಮೇಲೊಬ್ಬರು ಕಂಡರು. "ಏ, ಹುಡುಗಿ ಈಗಲೇ ತಲಿ ಮ್ಯಾಲೆ ಹತ್ತಿ ಕುಂತಾಳಲ್ಲೇ!" ಅಂತ ನಾನು ಕೂಗಿದಾಗ ಮಂಟಪಕ್ಕೆ ಮಂಟಪವೇ ನಕ್ಕಿತು.

ಒಂದು ಸಂಜೆ ನಮ್ಮವರು ಕುಂದವಾಡ ಕೆರೆಗೆ ಕರೆದೊಯ್ದರು. ಕೆರೆಯನ್ನು ಏನು ಮಾಡಬೇಕೋ ಪೊರೆಗೆ ತಿಳಿಯಲಿಲ್ಲವೇನೋ, ಅದನ್ನು ಪಟ್ಟಿಪಟ್ಟಿಯಾಗಿ ಸೀಳಿ ಒಂದರ ಕೆಳಗೊಂದು ಇಟ್ಟಿತು. ನೀರಿನ ಕೆಳಗೆ ನೀರು, ಅದರ ಕೆಳಗೆ ಮತ್ತೆ ನೀರು, ಒಂದೊಂದು ಪಟ್ಟಿಯಲ್ಲೂ ಒಂದೊಂದು ಬಣ್ಣದ ಬಿಸಿಲು. ನಾನು ತಲೆ ತಗ್ಗಿಸುತ್ತಲೇ ಹೋದೆ, ಕೆರೆ ಮುಗಿಯಲೇ ಇಲ್ಲ. ಸಾಲಾಗಿ ಹಾರುತ್ತಿದ್ದ ಬೆಳ್ಳಕ್ಕಿಗಳು ಒಂದೊಂದೇ ಇಳಿದು ಬಂದವು. ಹಿಂದಿನದು ಬರುವವರೆಗೆ ಮುಂದಿನದು ಕಾಯುತ್ತಿದೆ ಅನ್ನಿಸುತ್ತಿತ್ತು. ಕೊನೆಯ ಹಕ್ಕಿಯೂ ಹೋದ ಮೇಲೆ ಆಕಾಶ ಬಂತು. ಅಷ್ಟು ಹೊತ್ತಿಗೆ ನನ್ನ ಹಣೆ ಮೊಣಕಾಲಿಗೆ ತಾಗಿತ್ತು.

"ಕುತ್ತಿಗಿ ನೋಯಲ್ವೇನು?" ಅಂತ ಇವರು ಕೇಳಿದರು.

"ಸುಮ್ನಿರ್ರಿ, ಇನ್ನೂ ಮುಗಿದಿಲ್ಲ," ಅಂದೆ.

ಎರಡನೆಯ ತಿರುವಿನ ಮರುದಿನ ಬೆಳಗ್ಗೆ ಹೋಟೆಲಿನಲ್ಲಿ ಒಲೆ ಹೊತ್ತಿತ್ತು, ಮೊದಲ ಗಿರಾಕಿಗಳು ಕೂತಿದ್ದರು. ನಾನು ಹಂಚು ನೋಡುತ್ತಿದ್ದೆ. ಹಿಟ್ಟು ತಾನಾಗಿಯೇ ಹಂಚಿನ ಮೇಲೆ ಬಿತ್ತು. ತಾನಾಗಿಯೇ ದುಂಡಗೆ ಹರಡಿತು. ಸ್ವಲ್ಪ ಹೊತ್ತಿಗೆ ಅಂಚು ಎದ್ದು, ದೋಸೆ ಗಾಳಿಯಲ್ಲಿ ಮಗುಚಿ ಮತ್ತೆ ಮಲಗಿತು. ಅದರ ಹಿಂದೆ ಯಾರೂ ಇರಲಿಲ್ಲ, ಬರೀ ಖಾಲಿ.

"ಅಯ್ಯೋ ಶಿವನೇ! ದೋಸೆ ತಾನೇ ಮಗುಚ್ಕೊಂತು!" ಅಂತ ಕಿರುಚಿದೆ.

"ಯಾಕ, ಏನಾತು?" ಖಾಲಿ ಜಾಗವೇ ಮಾತಾಡಿತು. ನಮ್ಮವರ ಧ್ವನಿ.

"ಎಲ್ಲಿದೀರಿ?"

"ಇಲ್ಲೇ ಇದೀನಲ್ಲ. ಎಲ್ಲಿಗೆ ಹೋಗ್ಲಿ?"

ಕಣ್ಣಿನ ಮೂಲೆಯಲ್ಲಿ, ಹಿಂದಿನ ದಿನ ಇಲ್ಲದಿದ್ದ ಮೂರು ಗಿಡ್ಡ ಗೆರೆಗಳು ಒಂದರ ಕೆಳಗೊಂದು ಇದ್ದವು. ಕನ್ನಡಕದ ಕಡ್ಡಿ ಮುಟ್ಟಿದೆ. ಗೆರೆಗಳು ತೆರೆದವು. ಹೋಟೆಲಿನ ಗೋಡೆ, ಮೇಲಿನ ಫ್ಯಾನು, ಗೋಡೆಯ ಗಡಿಯಾರ, ಮೂಲೆಯ ನೀರಿನ ಡ್ರಮ್ಮು. ಅವುಗಳ ಕೊನೆಯಲ್ಲಿ, ಡ್ರಮ್ಮಿನ ಕೆಳಗೆ, ಸಟ್ಟುಗ ಹಿಡಿದು ಮಿಕಮಿಕ ನೋಡುತ್ತಿದ್ದ ನನ್ನ ಗಂಡ.

ವಿಷಯ ಹೇಳಿದಾಗ ಗಿರಾಕಿಗಳು ಬಿದ್ದುಬಿದ್ದು ನಕ್ಕರು. "ಹಾಲಮ್ಮಾ, ನಮ್ಮನೆಯವಳಿಗೂ ಒಂದು ಜೊತೆ ಕನ್ನಡಕ ಕೊಡ್ಸು," ಅಂದ ಒಬ್ಬ. ಇವರೂ ನಕ್ಕರು. ನಾನು ನಗಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತು. ಗೆರೆ ಮುಟ್ಟಿದಾಗ ಬರುತ್ತಿದ್ದರು, ಕೈ ತೆಗೆದರೆ ಮಡಚಿಕೊಂಡು ಹೋಗುತ್ತಿದ್ದರು. ಬೆಣ್ಣೆ ಹಿಡಿದ ಕೈಯಲ್ಲಿ ಎಷ್ಟು ಸಲ ಅಂತ ಕಡ್ಡಿ ಮುಟ್ಟಲಿ? ಮಧ್ಯಾಹ್ನದ ಹೊತ್ತಿಗೆ ಕನ್ನಡಕವೆಲ್ಲ ಜಿಡ್ಡಾಗಿ, ನಾನು ತಸ್ನೀಮ್‌ಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

ಕೇಂದ್ರದಲ್ಲಿ ಅವಳು ನನ್ನ ಮೊದಲ ದಿನದ ಮಾತುಗಳನ್ನೆಲ್ಲ ಮತ್ತೆ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮಾ, ನೀವು ಎಲ್ಲದಕ್ಕೂ ಹೆಸರು ಹೇಳೀರಿ. ಈ ಅಣ್ಣಾವ್ರ, ನಿಮ್ಮ ಮನೆಯೋರ ಚಿತ್ರ ಬಂದಾಗೆಲ್ಲ ನಕ್ಕು ಸುಮ್ನಾಗೀರಿ. ಒಂದು ಸಲಾನೂ ಹೆಸರು ಹೇಳಿಲ್ಲ. ಹೆಸರಿಲ್ಲದ್ದು, ದಿನಾ ಅದೇ ಜಾಗದಾಗೆ ಇರೋದು, ಮಾತಾಡದೇ ಇರೋದು. ಪೊರೆ ಏನ್ ಅನ್ಕೋಬೇಕು? ಜಾಗ ಕಮ್ಮಿ ಆದಕೂಡ್ಲೇ ಗೋಡೆ ಜೊತೆ ಸೇರ್ಸಿ ಮಡಚೈತಿ."

"ಗಂಡನ ಹೆಸರು ಹೆಂಗ್ ಹೇಳ್ಲೇ?" ಅಂದೆ. "ನಮ್ಮತ್ತಿ ಇದ್ದಿದ್ರೆ ನಾಲಿಗಿ ಮ್ಯಾಲೆ ಬರಿ ಎಳೀತಿದ್ರು. ಇವತ್ತಿನತನಕ ನಾನು 'ಏನ್ರೀ' ಅಂದಿದ್ದು, ಅವರು 'ಓ' ಅಂದಿದ್ದು."

ತಸ್ನೀಮ್ ತಲೆ ಮೇಲೆ ಕೈ ಹೊತ್ತುಕೊಂಡಳು. "ನಿಮ್ಮ ಧ್ವನೀಲೇ ಬೇಕಮ್ಮಾ. ನಾನು ಹೇಳಿದ್ರೆ ಅದು ಕೇಳಲ್ಲ."

ನಮ್ಮ ಕಡೆ ಅದಕ್ಕೂ ದಾರಿ ಇದೆ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದು ಒಡಪು ಕಟ್ಟಿ. ಹಾಡಿನೊಳಗೆ ಹೆಸರು ಬಂದರೆ ದೋಷವಿಲ್ಲ. ಆ ತಣ್ಣನೆಯ ಕೋಣೆಯಲ್ಲಿ, ಯಂತ್ರಗಳ ಮುಂದೆ, ಸೆರಗು ಸರಿಮಾಡಿಕೊಂಡು ಹೇಳಿದೆ: "ಕಾದ ಹಂಚಿಗೆ ನೀರು ಹೊಡೆದ್ರ ಚುರ್ ಅಂತೈತಿ, ಕೊಟ್ರಬಸಪ್ಪನೋರ ಹೆಸರು ಹೇಳಿದ್ರ ಎದಿ ಜುಮ್ ಅಂತೈತಿ."

ಬಾಗಿಲ ಹತ್ತಿರ ಕೂತಿದ್ದ ಇವರು ಕೆಮ್ಮಿದರು. ಆ ಮುಹೂರ್ತದಿಂದ ಇವರು ಮೂರು ಗೆರೆಯಿಂದ ಹೊರಗೆ ಬಂದರು, ಹೂವಿನಂಗಡಿಗಿಂತ, ಬೇವಿನ ಮರಕ್ಕಿಂತ, ಹಂಚಿಗಿಂತಲೂ ಮೇಲೆ. ದಿನವಿಡೀ ಆ ಮುಖ ನೋಡಿಕೊಂಡು ಬೆಣ್ಣೆ ಹಾಕಿದೆ. ಎಡಗಣ್ಣಿನ ಹತ್ತಿರ ಒಂದು ಮಚ್ಚೆ ಇದೆ, ಅದು ಅಲ್ಲಿರುವುದನ್ನು ಅವತ್ತು ಕಂಡುಕೊಂಡೆ. ಇಷ್ಟು ವರ್ಷ ಎಲ್ಲಿ ನೋಡುತ್ತಿದ್ದೆನೋ ನಾನು!

ಆದರೆ ಕಾಯಿಲೆ ಕಾಯುತ್ತದೆಯೇ? ಕೊನೆಯ ತಿರುವು ಬಂತು. ಇದು ಬೇರೆ ಥರದ್ದು ಅಂತ ತಸ್ನೀಮ್ ನಮ್ಮಿಬ್ಬರನ್ನೂ ಕೂರಿಸಿ ಹೇಳಿದಳು. ಇನ್ನು ಮೇಲೆ ಉಳಿಯುವುದು ಕಡಲೆಕಾಳಿನಷ್ಟು ಜಾಗ. ಅದರಲ್ಲಿ ಒಂದು ಸಲಕ್ಕೆ ಒಂದೇ ವಸ್ತು. ಮೇಲೆ ಕೆಳಗೆ ಅನ್ನುವುದಿಲ್ಲ. ಯಾವುದಕ್ಕೆ ಮೊದಲ ಜಾಗ ಕೊಟ್ಟೆವೋ, ಅದು ಕ್ಯಾಮೆರಾಕ್ಕೆ ಬಿದ್ದಾಗೆಲ್ಲ ಅದೊಂದೇ ಕಾಣುತ್ತದೆ, ಮಿಕ್ಕದ್ದೆಲ್ಲ ಕಾಯಬೇಕು. ಪೊರೆಗೆ ಹೊಸ ಮಾತು ಹೇಳಿಕೊಡುವ ತಂತಿ ಸೇರುವ ನರವೂ ಸಾಯುತ್ತಿದೆ. ಈ ಸಲ ಹೇಳಿದ್ದೇ ಕೊನೆಯ ಮಾತು. ಆಮೇಲೆ ಬದಲಾಯಿಸಲು ಬರುವುದಿಲ್ಲ.

"ಉರಿ," ಅಂದರು ಇವರು, ನನ್ನನ್ನು ಕೇಳದೆಯೇ. "ಉರಿ ಮೊದಲು ಹಾಕಮ್ಮ. ಅದು ಕಂಡ್ರೆ ಸಾಕು."

"ನೀವು?" ಅಂದೆ.

"ನನ್ನ ಮಕದಾಗ ಏನೈತಿ? ನೋಡಿದ್ದೇ ನೋಡೋದು. ಕೈ ಸುಟ್ಕೊಂಡ್ರೆ ಏನ್ ಮಾಡ್ತಿ?"

"ಹೋಟ್ಲಿಗೇ ಬರಲ್ಲ ಬಿಡ್ರಿ. ಮನ್ಯಾಗ ಕುಂತು ನಿಮ್ಮ ಮಕ ನೋಡ್ತೀನಿ."

"ನೀನು ಬೆಣ್ಣಿ ಹಾಕದಿದ್ರೆ ನಾನು ಹುಯ್ಯೋದೂ ಇಲ್ಲ," ಅಂದರು. ಇವರು ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎದ್ದು ಟೀ ಕುಡಿಯುವ ನೆಪ ಮಾಡಿ ಹೊರಗೆ ಹೋದರು.

ಅವರು ಹೋದ ಮೇಲೆ ನಾನು ತಸ್ನೀಮ್‌ಗೆ ಮುಖವನ್ನೇ ಹಾಕು ಅಂದೆ. ಸುಟ್ಟರೆ ಸುಡಲಿ, ಏನಾಗುತ್ತೋ ಆಗಲಿ. ಅವಳು ಒಂದು ಪರೀಕ್ಷೆಯ ಪರದೆ ತಂದಿಟ್ಟಳು. ನನ್ನ ಕಣ್ಣಿನ ಕೊನೆಯ ಅಳತೆಯಲ್ಲಿ ಎಷ್ಟು ಚುಕ್ಕೆ ಉಳಿಯುತ್ತದೋ ಅಷ್ಟೇ ಚುಕ್ಕೆಯಲ್ಲಿ ಇವರ ಮುಖ ಬರೆಸಿದಳು. ನೋಡಿದೆ. ತೆಂಗಿನಕಾಯಿಯೋ, ಸೀದ ದೋಸೆಯೋ, ನನ್ನ ಗಂಡನೋ ಹೇಳಲಾಗಲಿಲ್ಲ. ಮಚ್ಚೆಯೂ ಇಲ್ಲ, ಮೂಗೂ ಇಲ್ಲ. ನಗು ಬಂತು, ನಗುತ್ತಿದ್ದ ಹಾಗೆಯೇ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ತಸ್ನೀಮ್ ನನ್ನ ಬೆನ್ನು ಸವರಿದಳು. "ದೊಡ್ಡದನ್ನ ಕುಗ್ಸಿ ಕುಗ್ಸಿ ಚಿಕ್ಕದ್ರಾಗೆ ತುರುಕಿದ್ರೆ ಹಿಂಗೇ ಆಗೋದಮ್ಮಾ. ಚಿಕ್ಕ ಪರದೇಲೂ ಇದು ಅದೇ ಅಂತ ಗುರುತು ಸಿಗೋದು ಯಾವುದೋ, ಅದನ್ನ ಹುಡ್ಕಬೇಕು. ಅಣ್ಣಾವ್ರದ್ದು ಏನಾದ್ರೂ ಐತಾ ಹಂಗೆ?"

ನಾನು ಕಣ್ಣೊರೆಸಿಕೊಂಡು ಯೋಚಿಸಿದೆ. "ಕೈ ಹಾಕಿ ನೋಡು," ಅಂದೆ.

ಹೋಟೆಲಿನಲ್ಲಿ ಹಿಂದೆ ತೆಗೆದ ವಿಡಿಯೊಗಳಿಂದ ಅವಳು ಬಲಗೈಯೊಂದನ್ನೇ ಬಿಡಿಸಿ ಪರದೆಗೆ ಬಿಟ್ಟಳು. ಅಷ್ಟೇ ಚುಕ್ಕೆ. ಐದು ಬೆರಳು ಮೂರಾಗಿ ಕಂಡವು. ಆದರೆ ಅದು ಹಿಟ್ಟಿನ ಸೌಟು ಹಿಡಿದು ಹಂಚಿನ ನಡುವಿನಿಂದ ಸುತ್ತುತ್ತ ಸುತ್ತುತ್ತ ಹೊರಗೆ ಬಂದು, ಅಂಚಿಗೆ ಬಂದಾಗ ಒಂದು ಗಳಿಗೆ ತಡೆದು, ಆಮೇಲೆ ಎತ್ತಿಕೊಂಡಿತು. ಸಾವಿರ ಕೈ ಇಟ್ಟರೂ ನಾನು ಅದನ್ನು ಹೆಕ್ಕಿ ತೆಗೆಯುತ್ತಿದ್ದೆ.

"ಇವರೇ," ಅಂದೆ.

"ಯೋಚ್ನೆ ಮಾಡ್ರಿ. ಕೈ ಎದುರಿಗಿದ್ದಾಗ ನಿಮಗೆ ಉರಿ ಕಾಣಲ್ಲ. ಮುಖಾನೂ ಇನ್ನು ಯಾವತ್ತೂ ಕಾಣಲ್ಲ."

"ಗೊತ್ತಾತು. ಹಾಕು. ಅವರಿಗೆ ಮಾತ್ರ ಉರಿ ಹಾಕ್ಸೀನಿ ಅಂತೀನಿ, ನೀನೂ ಹಂಗೇ ಹೇಳು, ಇಲ್ಲಾಂದ್ರೆ ಬಡಕೊಂತಾರೆ."

ಪೊರೆ ಬದಲಾಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಇವರನ್ನು ಮನೆಯ ಪಡಸಾಲೆಯಲ್ಲಿ, ಬೆಳಕಿಗೆ ಮುಖ ಮಾಡಿ ಕೂರಿಸಿದೆ. ಎದುರಿಗೆ ನಾನೂ ಕೂತೆ. ಹಣೆ, ಹುಬ್ಬು, ಮಚ್ಚೆ, ಮೂಗು, ಬಿಳಿಯಾದ ಮೀಸೆ, ಒಂದರ ಕೆಳಗೊಂದು ಎಲ್ಲವನ್ನೂ ನಿಧಾನವಾಗಿ ನೋಡುತ್ತ ಇಳಿದೆ. ಗದ್ದದ ಹತ್ತಿರ ಬಂದು ಮತ್ತೆ ಹಣೆಗೆ ಏರಿದೆ. ಕುಂದವಾಡ ಕೆರೆಯ ಹಾಗೆ ಇದೂ ಮುಗಿಯದಿರಲಿ ಅನ್ನಿಸುತ್ತಿತ್ತು.

"ಏನ್ ಹಂಗ್ ನೋಡ್ತಿ, ಹೆಣ್ಣು ನೋಡಾಕ ಬಂದೋರಂಗ?" ಅಂದರು. ನಾಚಿಕೊಂಡಿದ್ದರು.

"ಒಪ್ಪಿಗಿ ಆತು ಅಂತ ಹೇಳ್ಕಳಸ್ತೀನಿ, ಸುಮ್ನೆ ಕುಂದರ್ರಿ," ಅಂದೆ.

ಕೊನೆಯ ತಿರುವು ದಾಟಿದ ಮೇಲೆ ಲೋಕ ಒಂದು ಕತ್ತಲ ಕೋಣೆಯಾಯಿತು, ಅದರಲ್ಲಿ ಒಂದು ಕಿಂಡಿ. ಕಿಂಡಿಯಲ್ಲಿ ಒಮ್ಮೆ ಬಾಗಿಲ ಹಿಡಿ, ಒಮ್ಮೆ ಲೋಟ, ಒಮ್ಮೆ ಯಾರದೋ ಚಪ್ಪಲಿ ತೇಲಿ ಬಂದು ನಿಲ್ಲುತ್ತಿತ್ತು. ಹೋಟೆಲ್ ಮತ್ತೆ ತೆರೆದ ಬೆಳಗ್ಗೆ ಇವರು ನನ್ನ ತೋಳು ಹಿಡಿದು ಮಣೆಯ ಮೇಲೆ ಕೂರಿಸಿ, "ಉರಿ ಕಾಣ್ತೈತಾ?" ಅಂದರು.

"ಹ್ಞೂಂ, ಕಾಣ್ತೈತಿ." ಅವರು ನನ್ನ ಹಿಂದಿದ್ದರು, ಕೈ ಎದುರಿಗಿರಲಿಲ್ಲ, ಹಾಗಾಗಿ ಉರಿ ನಿಜಕ್ಕೂ ಕಾಣುತ್ತಿತ್ತು. ಕಿಂಡಿಯ ತುಂಬ ಕೆಂಪು.

ಅವರು ಒಲೆಯ ಆಚೆ ಹೋಗಿ ನಿಂತರು. ಕೆಂಪು ಆರಿಹೋಗಿ ಕೈ ಬಂತು. ಹಿಟ್ಟು ಹುಯ್ದು ಸುತ್ತಿತು, ತಡೆಯಿತು, ಎತ್ತಿಕೊಂಡಿತು. ಹಿಟ್ಟು ಚುರುಗುಟ್ಟುವುದನ್ನು ಕಿವಿಯಲ್ಲಿ ಕೇಳುತ್ತ ನಾನು ಬೆಣ್ಣೆ ಹಿಡಿದು ಕಾದೆ. ಈಗ ಕೈ ಸಟ್ಟುಗಕ್ಕೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ನನ್ನ ತೋಳು ಹಂಚಿನ ಕಡೆಗೆ ಚಾಚಿದ್ದೇ ತಡ, ಆ ಕೈ ಕೆಳಗಿಳಿದು ಒಲೆಯ ಬಾಯಿಯ ಮುಂದೆ ಬಂತು; ನನ್ನ ಮಣಿಕಟ್ಟಿಗೆ ಹೊಡೆಯುತ್ತಿದ್ದ ಕಾವು ತಟ್ಟನೆ ತಗ್ಗಿದ್ದರಿಂದ ಗೊತ್ತಾಯಿತು. ಅಂಗೈ ಉರಿಯ ಕಡೆಗೆ, ಹಿಂಗೈ ನನ್ನ ಕಡೆಗೆ. ನನ್ನ ಮಣಿಕಟ್ಟಿಗೂ ಬೆಂಕಿಗೂ ನಡುವೆ, ಎರಡನ್ನೂ ಮುಟ್ಟದೆ, ನಾನು ಬೆಣ್ಣೆ ಹಾಕಿ ತೋಳು ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಹಾಗೇ ನಿಂತಿತು. ಆಮೇಲೆ ಸಟ್ಟುಗಕ್ಕೆ ಹೋಯಿತು.

ಎರಡನೆಯ ದೋಸೆಗೂ ಹಾಗೆ. ಮೂರನೆಯದಕ್ಕೂ ಹಾಗೆ. ಈ ಕೈಗೆ ಇದು ಹೊಸ ಕೆಲಸವಲ್ಲ. ಅಷ್ಟು ಸಲೀಸಾಗಿ ಬಂದು ಹೋಗುತ್ತಿತ್ತು. ಮಣಿಕಟ್ಟು ಸುಟ್ಟುಕೊಂಡ ದಿನದಿಂದಲೋ, ಅದಕ್ಕೂ ಮೊದಲಿನಿಂದಲೋ ನನಗೆ ತಿಳಿಯದು. ಕಣ್ಣು ಅಗಲವಿದ್ದಾಗ ನಾನು ದೋಸೆ ನೋಡುತ್ತಿದ್ದೆ, ಗಿರಾಕಿ ನೋಡುತ್ತಿದ್ದೆ, ಆಮೇಲೆ ಮುಖ ನೋಡುತ್ತಿದ್ದೆ.

"ಕೈ ಸುಡ್ತೈತಿ, ತಗೀರಿ," ಅಂದೆ.

ಕೈ ಅಲ್ಲೇ ನಿಂತುಬಿಟ್ಟಿತು. "ಯಾವ ಕೈ?"

"ನಿಮ್ಮದೇ. ಒಲಿ ಮುಂದ ಹಿಡಿದೀರಲ್ಲ."

"ನಿಂಗ ಉರಿ ಕಾಣಬೇಕಲ್ಲೇ? ಉರಿ ಹಾಕ್ಸೀನಿ ಅಂದಿದ್ದಿ!"

"ಸುಳ್ಳು ಹೇಳಿದ್ದೆ," ಅಂದೆ. "ನಂಗ ಇನ್ಮ್ಯಾಲೆ ಕಾಣೋದು ಇದೊಂದೇ ರೀ, ಕೊಟ್ರಬಸಪ್ಪನೋರೇ."

ಹಂಚಿನ ಮೇಲೆ ದೋಸೆ ಸೀಯುವ ವಾಸನೆ ಬಂತು. ಕೈ ಕಿಂಡಿಯಿಂದ ಮೇಲಕ್ಕೆ ಹೋಗಿ ಮರೆಯಾಯಿತು, ಆ ಜಾಗಕ್ಕೆ ಉರಿ ನುಗ್ಗಿ ಬಂದು ಕೆಂಪಗೆ ಕುಣಿಯಿತು. ನಾನು ತೋಳು ಮಡಚಿಕೊಂಡು, ಅಲುಗಾಡದೆ ಕೂತೆ. ಉರಿಯ ಆಚೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಉರಿ ಮರೆಯಾಯಿತು. ಕೈ ಮತ್ತೆ ಬಂದು, ಮೊದಲಿನ ಜಾಗದಲ್ಲೇ, ಅಂಗೈ ಬೆಂಕಿಗೆ ಕೊಟ್ಟು ನಿಂತಿತು. ಹಿಂಗೈ ಒದ್ದೆಯಾಗಿ ಮಿನುಗುತ್ತಿತ್ತು.